ಬಲಗಾಲಿಟ್ಟು ಬರುತ್ತಿದ್ದ ಕ್ಲಚ್ಚಣ್ಣ

ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಸಿಟ್ಟು. ನೆನಪು ಆಮೇಲೆ. ಮೊನ್ನೆ ನಮ್ಮ ಅಂಗಡಿಯ ಕೌಂಟರಿನ ಮೇಲೆ ಅಂಥದೊಂದು ಪ್ಲೇಟು ಬಂದು ಕೂತಿತು. ರಿವೆಟ್ಟಿನ ತನಕ ಸವೆದು ಕರ್ರಗಾಗಿತ್ತು. ತಂದವರು ಯಾರೆಂಬುದನ್ನು ಕೊನೆಗೆ ಹೇಳುತ್ತೇನೆ. ಅದನ್ನು ಕಂಡ ಕೂಡಲೇ ನನ್ನ ಬಾಯಿಂದ ಹೊರಟ ಮಾತು, “ಅಯ್ಯೋ ಪುಣ್ಯಾತ್ಮ, ಹೋದ ಮೇಲೂ ನನ್ನನ್ನ ಬಿಡಲಿಲ್ಲವಲ್ಲ!”

ತಿಪಟೂರಿನ ಗ್ಯಾರೇಜ್ ಸಾಲಿನಲ್ಲಿ ನಮ್ಮದು ಲಾರಿ ಬಿಡಿಭಾಗಗಳ ಅಂಗಡಿ. ಮಾವನವರು ಇಟ್ಟದ್ದು. ನಮ್ಮ ಯಜಮಾನರು ಸಾಮಾನು ತರಲು ಊರೂರು ತಿರುಗುವವರು, ಹಾಗಾಗಿ ಕೌಂಟರಿನಲ್ಲಿ ಕೂರುವವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಪಿಸ್ಟನ್ನಿಗೂ ಪಂಪಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಈಗ ನಮ್ಮ ಕಡೆಯವರು ಕಾಯಿ ಅಲುಗಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಳುವ ಹಾಗೆ, ಡಬ್ಬ ಅಲುಗಿಸಿ ಒಳಗಿರುವುದು ಯಾವ ಬೇರಿಂಗ್ ಎಂದು ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಷ್ಟು ವರ್ಷ ಕೂತಿದ್ದೇನೆ, ಅಷ್ಟೂ ಬಾರದಿದ್ದರೆ ಹೇಗೆ?

ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬೈದ ಗಿರಾಕಿ ಎಂದರೆ ಆ ಪುಣ್ಯಾತ್ಮರೇ. ಕಂದಿಕೆರೆ ಕಡೆಯ ಹಳ್ಳಿಯವರು. ತಮ್ಮದೇ ಒಂದು ಹಳೆಯ ಆರು ಚಕ್ರದ ಲಾರಿ ಇಟ್ಟುಕೊಂಡು ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಬಂದು ವ್ಯಾಪಾರಿಗಳ ಕೊಬ್ಬರಿ ಅಟ್ಟಕ್ಕೆ ಹಾಕುತ್ತಿದ್ದರು. ಅವರ ನಿಜವಾದ ಹೆಸರು ಇಲ್ಲಿ ಬೇಡ. ಗ್ಯಾರೇಜ್ ಸಾಲಿನಲ್ಲಿ ಆ ಹೆಸರು ಹಿಡಿದು ಕರೆದವರೂ ಕಡಿಮೆ. ಎಲ್ಲರ ಬಾಯಲ್ಲೂ ಅವರು ಕ್ಲಚ್ಚಣ್ಣ. ಬೇರೆ ಲಾರಿಯವರು ಕ್ಲಚ್ ಪ್ಲೇಟು ಕೇಳಿಕೊಂಡು ಯಾವಾಗಲೋ ಒಮ್ಮೆ ಬಂದರೆ, ಇವರು ಮನೆಗೆ ಕಾಫಿಪುಡಿ ಒಯ್ಯುವ ಹಾಗೆ ಒಯ್ಯುತ್ತಿದ್ದರು.

ಬರುವ ರೀತಿಯೇ ಒಂದು ನೋಟ. ನಮ್ಮ ಅಂಗಡಿಯ ಮುಂದೆ ಚರಂಡಿ ಇರುವುದರಿಂದ ಕಲ್ಲಿನ ಎತ್ತರದ ಮೆಟ್ಟಿಲು. ಅವರು ಚಪ್ಪಲಿಯನ್ನು ಕೆಳಗೇ ಬಿಡುತ್ತಿದ್ದರು. ನಮ್ಮ ಅಂಗಡಿಯ ನೆಲದಲ್ಲಿ ಇರುವ ಗ್ರೀಸು ರಸ್ತೆಯಲ್ಲೂ ಇರುವುದಿಲ್ಲ, ಆದರೂ ಬಿಡುತ್ತಿದ್ದರು. ಆಮೇಲೆ ಷಟರಿನ ಚೌಕಟ್ಟು ಹಿಡಿದು, ಒಂದು ಗಳಿಗೆ ನಿಂತು, ಬಲಗಾಲನ್ನೇ ಮೊದಲು ಇಟ್ಟು ಒಳಗೆ ಬರುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ಆಗ ನಮ್ಮ ಅತ್ತೆ ಇದ್ದರು, ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಬರುವವರ ಕಾಲನ್ನೇ ನೋಡುತ್ತಿದ್ದರು. ಎಡಗಾಲಿಟ್ಟು ಬಂದವನಿಗೆ ಅವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

“ನೋಡೇ, ಮನುಷ್ಯ ಅಂದ್ರೆ ಹಿಂಗಿರ್ಬೇಕು. ಎಂಥಾ ಸಂಪ್ರದಾಯ!” ಎಂದು ಅತ್ತೆ ಅವರಿಗೆ ಮಾತ್ರ ಒಳಗಿನಿಂದ ಕಾಫಿ ತರಿಸುತ್ತಿದ್ದರು. ನಾನು ಸುಮ್ಮನಿರುವವಳಲ್ಲ. “ಏನ್ರೀ, ಹೊಸ ಮದುವಣಗಿತ್ತಿ ಹಂಗೆ ಬತ್ತೀರಲ್ಲ, ಅಕ್ಕಿ ತುಂಬಿದ ಸೇರು ಇಡ್ಲಾ?” ಎಂದು ರೇಗಿಸುತ್ತಿದ್ದೆ. ಅವರು ನಕ್ಕು ಕೌಂಟರಿಗೆ ಬೆರಳಗಂಟಿನಿಂದ ಟಕಟಕ ಹೊಡೆಯುತ್ತಿದ್ದರು. “ಇಡ್ರವ್ವ, ಒದ್ದೇ ಬತ್ತೀನಿ. ಮೊದ್ಲು ಒಂದು ಪ್ಲೇಟು ಕೊಡ್ರಿ.”

“ಮತ್ತಾ!” ಎಂದು ನಾನು ಕೂಗುತ್ತಿದ್ದೆ. ಹೊಸ ಡಬ್ಬ ಬಿಚ್ಚಿ ಪ್ಲೇಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡುವುದು ಅವರ ಅಭ್ಯಾಸ. ಯಾಕೆಂದು ಕೇಳಿದರೆ, “ಹೊಸದ್ರಾಗೆ ಹೆಂಗಿರ್ತದೆ ಅಂತ ನೋಡ್ಕಂತೀನಿ. ನಾನು ಯಾವಾಗ್ಲೂ ನೋಡೋದು ಸುಟ್ಟ ವಾಸ್ನೇನೆ ಅಲ್ವಾ” ಎನ್ನುತ್ತಿದ್ದರು.

ಇಂಜಿನ್ನಿನ ಕಥೆ ಬೇರೆ. ಅದು ಸುಸ್ತಾಗಿ ಎಷ್ಟೋ ಕಾಲವಾಗಿತ್ತು. ಡೀಸೆಲ್ಲಿನ ಜೊತೆ ಆಯಿಲ್ಲನ್ನೂ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲವೆಂದು ಅವರು ಲಾರಿಯನ್ನು ಸದಾ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ನಮ್ಮ ಎದುರಿನ ಗ್ಯಾರೇಜಿನ ಮೇಸ್ತ್ರಿ, ಅವರ ಲಾರಿಯ ಹುಟ್ಟು ಗುಣವೆಲ್ಲ ಬಲ್ಲವನು, ಸಿಕ್ಕಾಗಲೆಲ್ಲ ಹೇಳುತ್ತಿದ್ದ: “ಅಣ್ಣ, ಇಂಜಿನ್ ಹಿಂದಿನ ಸೀಲು ಸೋರ್ತಾ ಐತೆ. ಆಯಿಲ್ಲು ಬಂದು ಕ್ಲಚ್ ಮೇಲೇ ಬೀಳ್ತಾ ಐತೆ. ನೀನು ಎಷ್ಟು ಹೊಸಾ ಪ್ಲೇಟು ಹಾಕಿದ್ರೂ ಜಾರ್ತದೆ. ಯಾವ್ದು ಮಾಡ್ಬೇಕಾದ್ರೂ ಗೇರ್ ಬಾಕ್ಸ್ ಇಳಿಸ್ಲೇಬೇಕು. ಇಳಿಸೋದು ಹೆಂಗೂ ಇಳಿಸ್ತೀವಿ, ಇಂಜಿನ್ನು ಕ್ಲಚ್ಚು ಎರಡೂ ಒಟ್ಟಿಗೆ ಮಾಡ್ಬುಡಾನ. ಪೆಡಲ್ಲಿಗೆ ಒಂದು ಏರ್ ಬೂಸ್ಟರ್ರೂ ಕೂರಿಸ್ತೀನಿ, ಬೆಣ್ಣೆ ಅಮುಕಿದಂಗೆ ಆಯ್ತದೆ.”

“ಬೂಸ್ಟರ್ರು ನಂಗ್ಯಾಕ್ಲಾ? ಕಾಲಿಲ್ವಾ?” ಎಂದು ಕ್ಲಚ್ಚಣ್ಣ ಅದನ್ನು ತೆಗೆದು ಹಾಕುತ್ತಿದ್ದರು. “ಮಿಕ್ಕಿದ್ದು ಮಾಡಾನ. ಆಯ್ತದೆ ಬುಡು.”

ಈ ‘ಆಯ್ತದೆ ಬುಡು’ ಅವರ ಮಂತ್ರ. ಕೆಲಸ ಕಡಿಮೆ ಇರುವ ಮಳೆಗಾಲದಲ್ಲಿ ಇಂಜಿನ್ ಇಳಿಸೋಣ ಎಂದು ಮಾತಾಗುತ್ತಿತ್ತು. ಆಷಾಢ ಬಂದರೆ, ಆಷಾಢದಲ್ಲಿ ಇಂಜಿನ್ ಇಳಿಸುತ್ತಾರೇನವ್ವ ಎನ್ನುವರು. ಶ್ರಾವಣ ಬಂದರೆ ಹಬ್ಬ. ಭಾದ್ರಪದದಲ್ಲಿ ಪಕ್ಷ. ಪಕ್ಷ ಕಳೆಯಿತೋ, ಇಂಜಿನ್ನೇ ಇಲ್ಲದ ಗಾಡಿಗೆ ಆಯುಧಪೂಜೆ ಮಾಡಲಾ ಎಂದು ಕಣ್ಣು ಬಿಡುವರು. ಹೀಗೆ ಪಂಚಾಂಗವೆಲ್ಲ ಮುಗಿದು ಮತ್ತೆ ಆಷಾಢ ಬರುತ್ತಿತ್ತು. ಈ ಮನುಷ್ಯನಿಗೆ ಗಾಡಿಯ ಮೇಲೆ ಪ್ರೀತಿಯೂ ಇಲ್ಲ, ಓಡಿಸುವ ಕ್ರಮವೂ ಗೊತ್ತಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ವಿಷಯ ತಿಳಿದದ್ದು ನನ್ನ ತವರಿನ ತೋಟದಲ್ಲಿ. ನಮ್ಮದು ಮಾಯಸಂದ್ರದ ಹತ್ತಿರ. ಆ ಸಲ ಕಾಯಿ ಕೊಂಡ ವ್ಯಾಪಾರಿ ಸಾಗಿಸಲು ಇವರನ್ನೇ ಕಳಿಸಿದ್ದ. ಅಣ್ಣನ ಮನೆಗೆ ಹೋಗಿದ್ದ ನಾನೂ ಬೆಳಿಗ್ಗೆ ತೋಟಕ್ಕೆ ಹೋದೆ.

ತೆಂಗಿನ ತೋಟ ಕಂಡವರಿಗೆ ಗೊತ್ತು. ಕೆಡವಿದ ಕಾಯನ್ನು ಸಾಲುಸಾಲಿನಲ್ಲಿ ರಾಶಿ ಹಾಕಿರುತ್ತಾರೆ. ಒಂದು ರಾಶಿ ಇಲ್ಲಿ, ಇನ್ನೊಂದು ಅಲ್ಲೆಲ್ಲೋ ಬಾವಿಯ ಆಚೆ. ಲಾರಿಯವರು ಯಾರೂ ತೋಟದೊಳಕ್ಕೆ ಬರುವುದಿಲ್ಲ, ರಸ್ತೆಯಲ್ಲಿ ನಿಲ್ಲಿಸಿ ಬೀಡಿ ಹಚ್ಚುತ್ತಾರೆ. ತುಂಬುವ ಹೆಂಗಸರು ಮಂಕರಿಗೆ ಕಾಯಿ ಹಾಕಿ, ತಲೆಯ ಮೇಲೆ ಹೊತ್ತು, ಬದು ದಾಟಿ ರಸ್ತೆಯ ತನಕ ಬರಬೇಕು. ಮತ್ತೆ ಹೋಗಬೇಕು. ಸಿಪ್ಪೆ ಸಹಿತ ಇರುವ ಕಾಯಿ, ಭಾರ ಏನು ಕಡಿಮೆಯೇ?

ಕ್ಲಚ್ಚಣ್ಣನ ಲಾರಿ ಮಾತ್ರ ಮರಗಳ ನಡುವೆಯೇ ತೆವಳುತ್ತಿತ್ತು. ಒಂದು ರಾಶಿಯಿಂದ ಇನ್ನೊಂದು ರಾಶಿಗೆ. ಹೆಂಗಸರು ಅದರ ಪಕ್ಕದಲ್ಲೇ ನಡೆಯುತ್ತಾ, ಬಗ್ಗಿ ಎತ್ತಿ, ಅಲ್ಲಿಂದಲೇ ಲಾರಿಗೆ ಎಸೆಯುತ್ತಿದ್ದರು. ಅವರು ನಿಧಾನಿಸಿದರೆ ಲಾರಿಯೂ ನಿಧಾನ, ನಡೆದರೆ ನಡೆದಂತೆ. ಗೇರು ಹಾಕಿಯೇ ಇದೆ, ಕಾಲು ಕ್ಲಚ್ಚಿನ ಮೇಲೆ ಅರ್ಧ ಅಮುಕಿಯೇ ಇದೆ. ಬೆಳಗಿನಿಂದ ಸಂಜೆಯ ತನಕ ಹಾಗೇ. ಗಾಳಿಯಲ್ಲಿ ಘಮ್ಮೆಂದು ಸುಟ್ಟ ವಾಸನೆ ಹೊಡೆಯುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು.

“ಏನ್ರೀ ಇದು? ಹಾಫ್ ಕ್ಲಚ್ಚಲ್ಲಿ ತೋಟ ಸುತ್ತುತಾ ಇದ್ದೀರಲ್ಲ! ಪ್ಲೇಟು ಉಳೀತದಾ?” ಎಂದು ಲಾರಿಯ ಬಾಗಿಲ ಕೆಳಗೆ ನಿಂತು ಕೂಗಿದೆ.

“ನಿಲ್ಸಿದ್ರೆ ನೆಲ ಮೆತ್ತಗೈತೆ, ಚಕ್ರ ಹೂತ್ಕಂತದೆ ಕಣವ್ವ,” ಎಂದರು.

“ಹಂಗಾರೆ ರಸ್ತೇಲಿ ನಿಲ್ಸಿ, ಎಲ್ರೂ ನಿಲ್ಸಲ್ವಾ?”

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದಿನ ಚಕ್ರದ ಹತ್ತಿರ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಕಡೆ ಗದ್ದ ಎತ್ತಿ ತೋರಿಸಿದರು. ಆಕೆ ಲಕ್ಕಮ್ಮ, ಆ ಗುಂಪಿನ ಹಿರಿಯಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲನ್ನು ಸ್ವಲ್ಪ ಎಳೆದುಕೊಂಡೇ ಕಾಯಿ ಎಸೆಯುತ್ತಿದ್ದಳು. “ಪ್ಲೇಟು ನಿಮ್ಮಂಗ್ಡೀಲಿ ಸಿಗ್ತದೆ. ಅವಳ ಮಂಡಿ ಎಲ್ಲಿ ಸಿಗ್ತದೆ?” ಎಂದರು.

ಇಂಜಿನ್ ಇಳಿಸಲು ಅವರು ಹಿಂದೆ ಮುಂದೆ ನೋಡುತ್ತಿದ್ದದ್ದು ಏಕೆಂದು ಲಕ್ಕಮ್ಮನೇ ಹೇಳಿದಳು. ಲಾರಿ ಗ್ಯಾರೇಜಿನಲ್ಲಿ ಕೂತರೆ ವ್ಯಾಪಾರಿ ಬೇರೆ ಲಾರಿ ಕಳಿಸುತ್ತಾನೆ. ಬೇರೆಯವರು ಬಂದರೆ ಹೊರಬಲ್ಲ ಗಟ್ಟಿ ಹೆಂಗಸರನ್ನು ಇಟ್ಟುಕೊಂಡು ಮಿಕ್ಕವರನ್ನು ಬಿಡುತ್ತಾರೆ. ಬಿಟ್ಟವರನ್ನು ಮತ್ತೆ ಕರೆಯುವುದಿಲ್ಲ. “ಆ ಗಾಡಿ ನಿಂತ್ರೆ ನಾನೂ ನಿಂತಂಗೇಯ ಕಣವ್ವ,” ಎಂದಳು ಲಕ್ಕಮ್ಮ. ನಾನು ಅಂದು ಊಟಕ್ಕೆ ಕೂತರೂ ಬಾಯಿಗೆ ರುಚಿ ಹತ್ತಲಿಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಕ್ಲಚ್ಚನ್ನು ಹಾಗೆ ಓಡಿಸಬಾರದು. ತಪ್ಪು ತಪ್ಪೇ. ಇದನ್ನು ಅವರ ಎದುರಿಗೂ ಎಷ್ಟೋ ಸಲ ಹೇಳಿದ್ದೇನೆ.

ಅವರಿಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದನ್ನು ಮುಂದೂಡುವುದಕ್ಕೂ ಒಂದು ಕೊನೆ ಇರುತ್ತದೆ. ಒಂದು ದಿನ ತುಂಬಿದ ಲಾರಿ ಚಿಕ್ಕನಾಯಕನಹಳ್ಳಿ ಗುಡ್ಡದ ಏರಿನಲ್ಲಿ ಹತ್ತಲಿಲ್ಲ. ಇಂಜಿನ್ನು ಕೂಗಿತು, ಚಕ್ರ ತಿರುಗಲಿಲ್ಲ, ಕ್ಲಚ್ಚು ಪೂರ್ತಿ ಜಾರಿತು. ಲಾರಿ ಹಿಂದಕ್ಕೆ ಹೊರಟಿತು. ಕಾಯಿಯ ಮೇಲೆ ಹೆಂಗಸರು ಕೂತಿದ್ದರು. ದೇವರು ದೊಡ್ಡವನು, ಬ್ರೇಕು ಹಿಡಿಯಿತು. ಲಕ್ಕಮ್ಮನ ಸೊಸೆ ಮಂಜುಳ ಮೇಲಿನಿಂದ ಜಿಗಿದು ಚಕ್ರಕ್ಕೆ ಕಲ್ಲು ಕೊಟ್ಟಳಂತೆ. ಯಾರಿಗೂ ಏನೂ ಆಗಲಿಲ್ಲ.

ಮಾರನೆಯ ದಿನ ಅವರು ಅಂಗಡಿಗೆ ಬಂದಾಗ ಕೌಂಟರಿಗೆ ಟಕಟಕ ಹೊಡೆಯಲಿಲ್ಲ. ಪ್ಲೇಟೂ ಕೇಳಲಿಲ್ಲ. “ಇಳಿಸ್ಬುಡಾನ ಕಣವ್ವ. ಮೇಸ್ತ್ರೀನ ಕರೀರಿ,” ಎಂದರು. ನೀರು ಕೊಟ್ಟೆ. ಕುಡಿಯದೆ ಲೋಟವನ್ನು ಕೌಂಟರಿನ ಮೇಲಿಟ್ಟರು. “ಅವ್ರು ಮೇಲೆ ಕೂತಿದ್ರು ಕಣವ್ವ,” ಎಂದಷ್ಟೇ ಹೇಳಿದರು.

ಲಾರಿಯನ್ನು ಎಳೆದು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ ಮೇಲೆ ಏನೇನು ಮಾಡಬೇಕೆಂದು ಗೊತ್ತು ಮಾಡಲು ನಾನೂ ಹೋದೆ. ಯಾವ ಯಾವ ಸಾಮಾನು ತರಿಸಬೇಕೋ ನೋಡಬೇಕಲ್ಲ. ಲಕ್ಕಮ್ಮ, ಮಂಜುಳ ಇಬ್ಬರೂ ಬಂದು ಬೇವಿನ ಮರದ ನೆರಳಲ್ಲಿ ನಿಂತಿದ್ದರು. ಮೇಸ್ತ್ರಿ ಲಾರಿಯ ಕೆಳಗೆ ಮಲಗಿ, “ಅಣ್ಣ, ಒಂಚೂರು ಕ್ಲಚ್ ಅಮುಕು, ನೋಡ್ತೀನಿ” ಎಂದು ಕೂಗಿದ. ಕ್ಲಚ್ಚಣ್ಣ ಡ್ರೈವರ್ ಸೀಟಿನಲ್ಲಿದ್ದರು. ಬಾಗಿಲು ತೆರೆದಿತ್ತು. ನಾನು ಎದುರಿಗೇ ನಿಂತಿದ್ದೆ.

ಅವರು ಎಡಗಾಲನ್ನು ಕೈಯಿಂದ ಎತ್ತಿ ಪೆಡಲ್ಲಿನ ಮೇಲೆ ಇಟ್ಟರು. ಆಮೇಲೆ ತೊಡೆಯ ಮೇಲೆ ಎರಡೂ ಕೈ ಊರಿ, ಹಲ್ಲು ಕಚ್ಚಿ, ಮೈಯ ಭಾರವೆಲ್ಲ ಬಿಟ್ಟು ಅದುಮಿದರು. ಪೆಡಲ್ಲು ಇಳಿಯಿತು. ಅವರ ಹಣೆಯಲ್ಲಿ ಬೆವರು ಒಡೆಯಿತು.

ಷಟರಿನ ಚೌಕಟ್ಟು ಹಿಡಿದು ಒಂದು ಗಳಿಗೆ ನಿಲ್ಲುವುದು, ಬಲಗಾಲನ್ನೇ ಮೊದಲು ಇಡುವುದು, ಎಲ್ಲ ಕಣ್ಣ ಮುಂದೆ ಬಂತು. ಸಂಪ್ರದಾಯವೂ ಅಲ್ಲ, ಮಣ್ಣೂ ಅಲ್ಲ. ಆ ಎಡ ಮಂಡಿಗೆ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಆ ಬಿಗಿ ಪೆಡಲ್ಲನ್ನು ದಿನವಿಡೀ ಅರ್ಧಕ್ಕೆ ಹಿಡಿದು ಹಿಡಿದು ಅದು ಎಂದೋ ಹೋಗಿತ್ತು. ಪಾಪ ಎನ್ನಿಸುವ ಮೊದಲು ನನಗೆ ಸಿಟ್ಟೇ ಬಂತು.

“ಅವಳ ಮಂಡಿ ಅಂಗಡೀಲಿ ಸಿಗಲ್ಲ ಅಂದ್ರಲ್ಲ, ನಿಮ್ದು ಯಾವ ಅಂಗಡೀಲಿ ಸಿಗ್ತದೆ ಹೇಳಿ! ನಾನೇ ತರಿಸಿಕೊಡ್ತೀನಿ!” ಎಂದು ಗ್ಯಾರೇಜೆಲ್ಲ ಕೇಳುವ ಹಾಗೆ ಕೂಗಿದೆ. “ಬುಡ್ರವ್ವ, ಬುಡ್ರಿ. ಹಳೇದು,” ಎಂದು ಮುಖ ಆ ಕಡೆ ತಿರುಗಿಸಿದರು.

ಮೇಸ್ತ್ರಿ ಕೆಳಗಿನಿಂದ ಎದ್ದು ಬಂದು ಕೈ ಒರೆಸಿಕೊಂಡ. ಹಳೆಯ ಗಾಡಿಗೆ ದೊಡ್ಡ ಕೆಲಸ ಮಾಡಿಸುವ ಮುನ್ನ ಒಳ್ಳೆಯ ಮೇಸ್ತ್ರಿ ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ: “ಅಣ್ಣ, ಬೇಜಾರ್ ಮಾಡ್ಕಬ್ಯಾಡ. ಇನ್ನೆಷ್ಟು ವರ್ಷ ಓಡಿಸ್ತೀಯ? ಒಂದೆರಡು ವರ್ಷ ಅಂದ್ರೆ ರಿಂಗು, ಸೀಲು, ಕ್ಲಚ್ಚು ಹಾಕಿ ಕೊಡ್ತೀನಿ, ಸಾಕು. ಪೂರ್ತಿ ಬಿಚ್ಚಿ ಲೈನರ್ರು, ಪಿಸ್ಟನ್ನು, ಕ್ರ್ಯಾಂಕು ಅಂತ ಹೋದ್ರೆ ಬಾಳಾ ವರ್ಷ ಬತ್ತದೆ. ಆದ್ರೆ ಈ ಕಾಲಿಟ್ಕಂಡು...”

“ಪೂರ್ತಿ ಮಾಡು,” ಎಂದರು.

“ಅಯ್ಯೋ, ಓಡ್ಸೋರು ಯಾರಣ್ಣ ಅಷ್ಟು ವರ್ಷ?”

“ನಾನಲ್ಲ.” ಅವರು ಬೇವಿನ ಮರದ ಕಡೆ ಕೈ ಬೀಸಿದರು. “ಮಂಜುಳಾ, ಬಾರವ್ವ ಇಲ್ಲಿ. ಹತ್ತು. ಅದ್ನ ಅಮುಕು ನೋಡಾನ.”

ಮಂಜುಳ ಮೊದಲು ಲಗೇಜ್ ಆಟೋ ಓಡಿಸಿಕೊಂಡಿದ್ದವಳು, ಗಂಡ ತೀರಿಕೊಂಡ ಮೇಲೆ ಆಟೋ ಹೋಗಿ, ಅತ್ತೆಯ ಜೊತೆ ಕಾಯಿ ತುಂಬಲು ಬರುತ್ತಿದ್ದಳು. ಅವಳಿಗೆ ಕ್ಲಚ್ಚಣ್ಣ ತೋಟದ ಒಳಗೇ ಲಾರಿ ಕಲಿಸಿದ್ದೂ, ದೊಡ್ಡ ಗಾಡಿಯ ಲೈಸೆನ್ಸ್ ಕೊಡಿಸಿದ್ದೂ ಆ ದಿನವೇ ನಮಗೆ ತಿಳಿದದ್ದು. ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ಹತ್ತಿ ಕೂತು ಪೆಡಲ್ಲು ಅದುಮಿದಳು. ಗಟ್ಟಿ ಹೆಣ್ಣು, ಅದುಮಿದಳು. ಆದರೆ ಅವಳ ಮುಖವೂ ಕಿವುಚಿತು. ಕ್ಲಚ್ಚಣ್ಣ ನೋಡುತ್ತಿದ್ದದ್ದು ಅದನ್ನೇ.

“ನೋಡ್ದಾ? ಇಷ್ಟು ಬಿಗಿ ಇರ್ಬಾರ್ದು,” ಎಂದರು ಮೇಸ್ತ್ರಿಗೆ. “ಅದೇನೋ ಬೂಸ್ಟರ್ ಅಂತಿದ್ಯಲ್ಲ, ಅದನ್ನ ಹಾಕು.”

“ಹೆಣ್ಣೆಂಗ್ಸು ಲಾರಿ ಓಡ್ಸಾದಾ ಅಣ್ಣ?” ಎಂದು ಮೇಸ್ತ್ರಿ ತಲೆ ಕೆರೆದುಕೊಂಡ.

“ಯಾಕ್ಲಾ, ನಿಂಗೆ ದಿನಾ ಸಾಮಾನು ಕೊಡೋರು ಯಾರು? ಇವ್ರೇನು ಗಂಡಸ್ರಾ?” ಎಂದು ನನ್ನ ಕಡೆ ತೋರಿಸಿದರು. ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡ.

ಗಾಡಿ ಗ್ಯಾರೇಜಿನಲ್ಲಿ ಇದ್ದಷ್ಟು ದಿನ ಕ್ಲಚ್ಚಣ್ಣ ಮನೆಯಲ್ಲಿ ಕೂರಲಿಲ್ಲ. ವ್ಯಾಪಾರಿ ಕಳಿಸಿದ ಟ್ರ್ಯಾಕ್ಟರಿನವನನ್ನು ಗೋಗರೆದು ತೋಟದೊಳಕ್ಕೆ ಕರೆದರಂತೆ. ನೆಲ ಎಲ್ಲಿ ಗಟ್ಟಿ ಇದೆ ಎಂದು ತೋರಿಸಲು ಅದರ ಮುಂದೆ ಕುಂಟುತ್ತಾ ತಾವೇ ನಡೆದರಂತೆ. ಲಕ್ಕಮ್ಮನನ್ನು ಯಾರೂ ಬಿಡಿಸಲಿಲ್ಲ. ಸಂಜೆ ಬಸ್ಸಿನಲ್ಲಿ ತಿಪಟೂರಿಗೆ ಬಂದು ಬಿಚ್ಚಿಟ್ಟ ಇಂಜಿನ್ನಿನ ಪಕ್ಕ ಕೂರುತ್ತಿದ್ದರು. ಅವರೆಕಾಯಿಯ ಕಾಲ. ನನಗೊಂದು ಚೀಲ, ಮೇಸ್ತ್ರಿಗೊಂದು ಚೀಲ ತಪ್ಪದೆ ಬರುತ್ತಿತ್ತು.

ಮತ್ತೆ ಕೂಡಿಸಿದ ಇಂಜಿನ್ನು ಮೊದಲ ಸಲ ಒಂದೇ ಸ್ಟಾರ್ಟಿಗೆ ಎದ್ದಾಗ ಅವರ ಕಣ್ಣಲ್ಲಿ ನೀರು ಬಂತು. ಹೊಗೆ ಇರಲಿಲ್ಲ. ಮಂಜುಳ ಡ್ರೈವರ್ ಸೀಟಿನಲ್ಲಿ, ಅವರು ಪಕ್ಕದಲ್ಲಿ. ಬೂಸ್ಟರ್ ಕೂತ ಪೆಡಲ್ಲನ್ನು ಅದುಮಿದಾಗ ಈ ಸಲ ಅವಳ ಮುಖ ಕಿವುಚಲಿಲ್ಲ. ಹೊರಡುವ ಮುನ್ನ ಅವಳಿಗೆ ಹೇಳಿದ್ದು ಒಂದೇ ಮಾತು: “ರಸ್ತೇಲಿ ನಿಲ್ಸಂಗಿಲ್ಲ. ರಾಶಿ ತನ್ಕ ಹೋಗ್ಬೇಕು.”

“ಮತ್ತೆ ಹಾಫ್ ಕ್ಲಚ್ಚಾ?” ಎಂದು ನಾನು ಮೆಟ್ಟಿಲ ಮೇಲಿನಿಂದ ಕೂಗಿದೆ.

“ನಿಮ್ಗೂ ಯಾಪಾರ ಆಗ್ಬೇಕಲ್ಲ ಕಣವ್ವ!” ಎಂದು ಕಿಟಕಿಯಿಂದ ಕೈ ಬೀಸಿ ಹೋದರು.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಉಂಡು ಜಗುಲಿಯಲ್ಲಿ ಒರಗಿದವರು ಏಳಲಿಲ್ಲ. ನಾನೂ ಮೇಸ್ತ್ರಿಯೂ ಹೋಗಿದ್ದೆವು. ಮಣ್ಣು ಮಾಡುವ ಜಾಗ ಅವರದೇ ಚೂರು ತೋಟದ ಕೊನೆಯಲ್ಲಿ. ಮನೆಯಿಂದ ಅಲ್ಲಿಗೆ ಲಾರಿಯಲ್ಲೇ ಒಯ್ದರು. ಲಕ್ಕಮ್ಮನ ಗುಂಪು ಲಾರಿಯ ಪಕ್ಕದಲ್ಲಿ ನಡೆಯುತ್ತಿತ್ತು. ಮಂಜುಳ ಅವರ ಹೆಜ್ಜೆಗೆ ಸರಿಯಾಗಿ, ಮರಗಳ ನಡುವೆ, ರಸ್ತೆಯಲ್ಲಿ ನಿಲ್ಲಿಸದೆ ಗುಂಡಿಯ ಅಂಚಿನ ತನಕ ಬಿಟ್ಟಳು. ಸುಟ್ಟ ವಾಸನೆ ಬಂತು. ಮೇಸ್ತ್ರಿ ನನ್ನ ಮುಖ ನೋಡಿದ. ಆ ಒಂದು ದಿನ ನಾನು ಬೈಯಲಿಲ್ಲ, ಅತ್ತುಬಿಟ್ಟೆ.

ಮೊನ್ನೆ ಪ್ಲೇಟು ತಂದವಳು ಮಂಜುಳ. ನಾನು ಶುರು ಮಾಡಿಯೇಬಿಟ್ಟೆ. “ಅವರಿಂದ ಕಲಿಯೋಕೆ ನಿನಗೆ ಇದೊಂದೇ ಸಿಕ್ತೇನೇ? ಹೊಸಾ ಕ್ಲಚ್ಚು! ಇಷ್ಟು ಬೇಗ ಹಿಂಗೆ ಮಾಡ್ಕೊಂಡು ಬಂದಿದ್ದೀಯಲ್ಲ!” ಅವಳು ತಲೆ ತಗ್ಗಿಸಿ ನಗುತ್ತಿದ್ದಳು. “ನಮ್ಮತ್ತೆ ಇನ್ನೂ ಕಾಯಿ ಎಸೀತಾಳೆ ಕಣಕ್ಕ,” ಎಂದಳು. ಡಬ್ಬ ತೆಗೆದು ಕೊಟ್ಟೆ. ಬಿಚ್ಚಿ ಮೂಸಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಇಳಿದು ಹೋದಳು.

ಹೋದವಳು ಮರುಗಳಿಗೆಯೇ ಹಿಂದಕ್ಕೆ ಬಂದಳು, ಲಾರಿಯ ಕೀ ಕೌಂಟರಿನ ಮೇಲೆ ಮರೆತಿದ್ದಳು. ಆಗ ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಚೌಕಟ್ಟು ಹಿಡಿಯಲಿಲ್ಲ, ನಿಲ್ಲಲೂ ಇಲ್ಲ. ಆ ಎತ್ತರದ ಮೆಟ್ಟಿಲಿಗೆ ಸರಕ್ಕನೆ ಎಡಗಾಲಿಟ್ಟು ಒಳಗೆ ಬಂದಳು. ನಮ್ಮ ಅತ್ತೆ ಇದ್ದಿದ್ದರೆ ಮುಖ ತಿರುಗಿಸುತ್ತಿದ್ದರು. ನಾನು ಒಳಗೆ ಕೂಗಿ ಅವಳಿಗೊಂದು ಕಾಫಿ ತರಿಸಿದೆ.